ಫೈಲ್ ಗಟ್ಟಿಯಿದ್ದರೆ ಶಾಲೆ ಮಾತು ಕೇಳುತ್ತದೆ: ಆಟಿಸಂ ಮಗುವಿನ ಪೋಷಕರಿಗೆ 11 ಸೂತ್ರಗಳು

ಪ್ರಿನ್ಸಿಪಾಲ್ ಬಾಗಿಲು ಹಾಕಿಸಿ ಮೆತ್ತಗೆ ಹೇಳುತ್ತಾರೆ: ‘ನಿಮ್ಮ ಮಗ ತುಂಬಾ ಸ್ವೀಟ್. ಆದರೆ ನಮ್ಮಲ್ಲಿ ಫೆಸಿಲಿಟಿ ಇಲ್ಲ. ಬೇರೆ ಎಲ್ಲಾದರೂ ನೋಡಿಬಿಡಿ.’ ನೀವು ತಲೆಯಾಡಿಸಿ ಎದ್ದು ಬರುತ್ತೀರಿ. ಆಫೀಸಿನಲ್ಲಿ ಕ್ಲೈಂಟ್ ‘ಆಗಲ್ಲ’ ಅಂದರೆ ಮೇಲ್ ಮೇಲೆ ಮೇಲ್ ಹಾಕಿ ಕೆಲಸ ಮಾಡಿಸಿಕೊಳ್ಳುವವರು ನೀವು. ಇಲ್ಲಿ ಮಾತ್ರ ಯಾಕೆ ಸುಮ್ಮನಾದಿರಿ? ಹಾಗೆ ಸುಮ್ಮನಾಗುವುದು ಒಂದು ಅಭ್ಯಾಸ, ಅಷ್ಟೇ. ಇವತ್ತೇ ಬಿಡಿ. ವಕೀಲರ ಸಹಾಯ ಪಡೆಯಿರಿ. ಶಾಲೆಯ ಜೊತೆಗಿನ ಸಂಬಂಧ ಪೂರ್ತಿ ಹದಗೆಟ್ಟ ಮೇಲೆ ಹುಡುಕುವ ಬದಲು ಅದಕ್ಕೆ ಮೊದಲೇ ಹುಡುಕಿ.

1. ಕಾನೂನಿನ ಒಂದು ಪುಟ ಓದಿಕೊಂಡೇ ಹೊರಡಿ.

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016. ಎಲ್ಲರೂ ಆರ್‌ಪಿಡಬ್ಲ್ಯುಡಿ ಅನ್ನುತ್ತಾರೆ. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಳೆಯ 1995ರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. ಈಗಿನ 21ರ ಪಟ್ಟಿಯಲ್ಲಿದೆ. ಸೆಕ್ಷನ್ 3 ತಾರತಮ್ಯ ಬೇಡ ಅನ್ನುತ್ತದೆ. ಸೆಕ್ಷನ್ 16 ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳ ಬಗ್ಗೆ ಮಾತಾಡುತ್ತದೆ. ಅಂದರೆ ಮಾನ್ಯತೆ ಪಡೆದ ಖಾಸಗಿ ಶಾಲೆಯೂ ಇದರೊಳಗೆ ಬಂತು. ಸೇರಿಸಿಕೊಳ್ಳುವುದು, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡುವುದು, ವೈಯಕ್ತಿಕ ಬೆಂಬಲ ಕೊಡುವುದು, ಪ್ರಗತಿಯ ಮೇಲೆ ಕಣ್ಣಿಡುವುದು ಎಲ್ಲವೂ ಅದರಲ್ಲಿದೆ. ಇವೆಲ್ಲ ಆಗುವಂತೆ ಸರ್ಕಾರ ಪ್ರಯತ್ನಿಸಬೇಕು ಎಂಬ ಧಾಟಿಯಲ್ಲಿ ಆ ಸೆಕ್ಷನ್ ಶುರುವಾಗುತ್ತದೆ. ಶಾಲೆಯ ಪರ ವಕೀಲರು ಅದನ್ನೇ ಹಿಡಿದು ಜಗ್ಗಬಹುದು. ನಿಮಗೂ ಒಬ್ಬ ವಕೀಲರು ಬೇಕು ಅನ್ನುವುದು ಅದಕ್ಕೇ.

ಜೊತೆಗೆ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇ ಕಾಯ್ದೆ 2009 ಇದೆ. ಪ್ರವೇಶಕ್ಕೆ ಮಗುವನ್ನು ಕೂರಿಸಿ ಸ್ಕ್ರೀನಿಂಗ್ ಮಾಡುವಂತಿಲ್ಲ. 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅಲ್ಪಸಂಖ್ಯಾತ ಶಾಲೆಗಳು ಆರ್‌ಟಿಇಯಿಂದ ಹೊರಗುಳಿದವು. ನಿಮ್ಮದು ಅಂಥ ಶಾಲೆಯಾದರೆ ಆರ್‌ಪಿಡಬ್ಲ್ಯುಡಿಯನ್ನು ಮುಂದಿಡಿ.

2. ಯಾರ ಸಹಾಯ ಬೇಕು, ಮೊದಲು ನಿರ್ಧರಿಸಿ.

ಎಲ್ಲದಕ್ಕೂ ಕಪ್ಪು ಕೋಟು ಬೇಡ. ಪ್ರಾರ್ಥನೆಯ ಮೈಕ್ ಶುರುವಾದ ತಕ್ಷಣ ಮಗು ಕಿವಿ ಮುಚ್ಚಿಕೊಂಡು ಓಡುತ್ತದೆ ಅಂದರೆ ಮೊದಲು ಸ್ಪೆಷಲ್ ಎಜುಕೇಟರ್ ಹತ್ತಿರ ಹೋಗಿ. ಸರ್ಕಾರಿ ಶಾಲೆಯಾದರೆ ಬಿಆರ್‌ಸಿಗೆ, ಅಂದರೆ ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ ಹೋಗಿ ‘ನಮ್ಮ ಬ್ಲಾಕಿನ ಬಿಐಇಆರ್‌ಟಿ ಯಾರು?’ ಎಂದು ಕೇಳಿ. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರು ಅವರು. ಮೀಟಿಂಗಿನಲ್ಲಿ ಪಕ್ಕದಲ್ಲಿ ಕೂರಲು ಇದೇ ದಾರಿಯಲ್ಲಿ ಎರಡು ವರ್ಷ ಮುಂದೆ ನಡೆದ ಇನ್ನೊಬ್ಬ ತಾಯಿ ಸಾಕು. ಪ್ರವೇಶ ನಿರಾಕರಿಸಿದರೆ, ಟಿಸಿ ಒತ್ತಾಯ ಬಂದರೆ, ವಾರವಾರವೂ ಅರ್ಧ ದಿನಕ್ಕೆ ಮನೆಗೆ ಕಳಿಸಿದರೆ, ಹೊಡೆದರೆ ಆಗ ವಕೀಲರು. ತಡ ಮಾಡಬೇಡಿ.

3. ಫೀಸಿನ ಭಯ ಬಿಡಿ.

‘ಲಾಯರ್ ಅಂದರೆ ಲಕ್ಷಗಟ್ಟಲೆ’ ಎಂಬ ಮಾತನ್ನು ಯಾರೂ ಪರೀಕ್ಷಿಸಿ ನೋಡುವುದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಸೆಕ್ಷನ್ 12ರ ಪ್ರಕಾರ ಮಹಿಳೆಗೆ, ಮಗುವಿಗೆ, ವಿಕಲಚೇತನರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಈ ಮೂವರಿಗೂ ಆದಾಯದ ಮಿತಿ ಇಲ್ಲ. ನಿಮ್ಮ ಮಗು ಎರಡು ಲೆಕ್ಕದಲ್ಲಿ ಅರ್ಹ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ವಿಚಾರಿಸಿ. ತಾಲ್ಲೂಕಿನಲ್ಲಿ ಸಮಿತಿ ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆಯಿರಿ: ‘ವಿಕಲಚೇತನ ಮಗುವಿನ ಶಿಕ್ಷಣದ ವಿಷಯ, ಈ ಬಗ್ಗೆ ಅನುಭವವಿರುವ ಪ್ಯಾನೆಲ್ ವಕೀಲರು ಬೇಕು.’ ಹಾಗೆ ಬರೆಯದಿದ್ದರೆ ಆ ದಿನ ಯಾರು ಸಿಗುತ್ತಾರೋ ಅವರೇ ಗತಿ.

4. ಟಿಸಿ ಅರ್ಜಿಗೆ ಸಹಿ ಹಾಕಬೇಡಿ.

ಇದೊಂದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳಿ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಎನ್ನುತ್ತದೆ ಆರ್‌ಟಿಇ ಸೆಕ್ಷನ್ 16. ಇದು ಶಾಲೆಗೂ ಗೊತ್ತು. ಅದಕ್ಕೇ ಹೊರಹಾಕುವ ಬದಲು ‘ನೀವೇ ಒಂದು ಲೆಟರ್ ಬರೆದುಕೊಡಿ, ರೆಕಾರ್ಡ್ ಕ್ಲೀನ್ ಆಗಿರುತ್ತೆ’ ಎನ್ನುತ್ತಾರೆ. ‘ಸ್ವಂತ ಇಚ್ಛೆಯಿಂದ’ ಎಂದು ಬರೆದು ಸಹಿ ಮಾಡಿದಿರೋ, ನಿಮ್ಮ ವಕೀಲರ ಕೆಲಸ ಹತ್ತು ಪಟ್ಟು ಕಷ್ಟ. ‘ಮನೆಯಲ್ಲಿ ಮಾತಾಡಿ ಹೇಳುತ್ತೇನೆ’ ಎಂದು ಎದ್ದು ಬನ್ನಿ. ಗೇಟು ದಾಟಿದ ಮೇಲೆ ವಕೀಲರಿಗೆ ಫೋನ್ ಮಾಡಿ.

5. ವಿಕಲಚೇತನ ಸರ್ಟಿಫಿಕೇಟ್ ಮಾಡಿಸಿ, ಶೇಕಡಾವಾರು ನೋಡಿ ಕುಗ್ಗಬೇಡಿ.

‘ಹಣೆಪಟ್ಟಿ ಅಂಟಿಸಿದ ಹಾಗೆ ಆಗುತ್ತೆ’ ಎಂದು ಅಜ್ಜಿ ತಾತ ತಡೆಯಬಹುದು. ಗೌರವದಿಂದ ಕೇಳಿಸಿಕೊಳ್ಳಿ, ಆಮೇಲೆ ಅರ್ಜಿ ಹಾಕಿ. ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡಿಗೆ ಆನ್‌ಲೈನ್‌ನಲ್ಲೇ ಅರ್ಜಿ ಸಲ್ಲಿಸಬಹುದು. ಮೌಲ್ಯಮಾಪನಕ್ಕೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಆಟಿಸಂ ತಿಳಿದ ತಂಡಗಳಿವೆ. ನಮ್ಮ ದೇಶದಲ್ಲಿ ಬಳಸುವ ಅಳತೆ ಐಎಸ್‌ಎಎ, ಅದರಲ್ಲಿ 40 ಅಂಶಗಳು. ಆ ದಿನ ಎಷ್ಟೋ ಅಪ್ಪ ಅಮ್ಮಂದಿರು ಮಗು ಹೇಳುವ ರೈಮ್ಸ್, ಗುರುತಿಸುವ ಕಾರು ಬ್ರ್ಯಾಂಡ್‌ಗಳ ಬಗ್ಗೆಯೇ ಹೆಮ್ಮೆಯಿಂದ ಹೇಳಿ ಬರುತ್ತಾರೆ. ಹಾಗೆ ಮಾಡಬೇಡಿ. ಕಷ್ಟ ಎಲ್ಲೆಲ್ಲಿದೆ ಎಂದು ಬರೆದುಕೊಂಡು ಹೋಗಿ, ಓದಿ ಹೇಳಿ. ಸ್ಕೋರ್ ನಿಂತಿರುವುದೇ ಅದರ ಮೇಲೆ.

ಶೇ 40 ಮತ್ತು ಅದಕ್ಕಿಂತ ಹೆಚ್ಚು ಬಂದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಆರ್‌ಪಿಡಬ್ಲ್ಯುಡಿ ಸೆಕ್ಷನ್ 31ರಲ್ಲಿದೆ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ನಿಮ್ಮದು. ಕಡಿಮೆ ಬಂದರೆ? ಶಾಲೆ ‘ನಿಮಗೆ ಏನೂ ಅನ್ವಯಿಸಲ್ಲ’ ಎನ್ನಬಹುದು. ಒಪ್ಪಬೇಡಿ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ವಿರುದ್ಧ ಯುಪಿಎಸ್‌ಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದವರು ಬರೆಯುವಾಗ ಕೈ ಸೆಳೆತದ ತೊಂದರೆಯಿದ್ದ ಅಭ್ಯರ್ಥಿ; ಶೇ 40ರ ಗೆರೆ ಅವರು ಮುಟ್ಟಿರಲಿಲ್ಲ. ಆದರೂ ಪರೀಕ್ಷೆಗೆ ಬರಹಗಾರರ ಸಹಾಯ ಪಡೆಯುವ ಹಕ್ಕು ಅವರಿಗಿದೆ ಎಂದಿತು ಕೋರ್ಟ್. ಪ್ರತಿಯೊಬ್ಬರ ಅಗತ್ಯಕ್ಕೆ ತಕ್ಕಂತೆ ಹೊಂದಾಣಿಕೆ ಮಾಡುವುದಕ್ಕೂ ಆ ಗೆರೆಗೂ ಗಂಟು ಹಾಕುವಂತಿಲ್ಲ. ಈ ಪ್ರಕರಣದ ಹೆಸರನ್ನು ನಿಮ್ಮ ವಕೀಲರಿಗೆ ನೆನಪಿಸಿ. ಅವರಿಗೆ ಗೊತ್ತಿದ್ದರೆ ಖುಷಿಪಡುತ್ತಾರೆ, ಗೊತ್ತಿಲ್ಲದಿದ್ದರೆ ಓದುತ್ತಾರೆ.

6. ಬಾಯಿಮಾತನ್ನು ಅದೇ ದಿನ ಮೇಲ್ ಮಾಡಿ.

ಶಾಲೆಗಳು ಕಹಿ ವಿಷಯವನ್ನು ಫೋನಿನಲ್ಲೇ ಹೇಳುತ್ತವೆ. ನೀವು ಕಾಗದಕ್ಕೆ ಇಳಿಸಿ. ಸಿಟ್ಟು ಬೇಡ, ವಿಶೇಷಣ ಬೇಡ. ಮಾದರಿ ಇಲ್ಲಿದೆ: ‘ಮಾನ್ಯರೇ, ಇಂದು ಬೆಳಗ್ಗೆ 11ಕ್ಕೆ ತಾವು ಫೋನ್ ಮಾಡಿ, ನಾಳೆಯಿಂದ ಮಗುವನ್ನು ಊಟದ ಹೊತ್ತಿಗೆ ಕರೆದುಕೊಂಡು ಹೋಗಲು ತಿಳಿಸಿದಿರಿ. ಇದರ ಕಾರಣವನ್ನು ಮತ್ತು ಎಷ್ಟು ದಿನ ಎಂಬುದನ್ನು ದಯವಿಟ್ಟು ಬರಹದಲ್ಲಿ ತಿಳಿಸಿ. ನಾನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ ತಿದ್ದಿ.’ ಇಷ್ಟೇ. ಉತ್ತರ ಬಂದರೆ ಅದು ದಾಖಲೆ. ಬರದಿದ್ದರೆ ಆ ಮೌನವೂ ದಾಖಲೆ. ವಾಟ್ಸ್ಆ್ಯಪ್ ಮೆಸೇಜುಗಳ ಸ್ಕ್ರೀನ್‌ಶಾಟ್ ತಾರೀಕು ಕಾಣುವಂತೆ ತೆಗೆದಿಡಿ, ಚಾಟ್ ಡಿಲೀಟ್ ಮಾಡಬೇಡಿ. ಕ್ಲಾಸಿನ ಪೇರೆಂಟ್ಸ್ ಗ್ರೂಪಿನಲ್ಲಿ ಜಗಳಕ್ಕೆ ಇಳಿಯಲೇಬೇಡಿ. ಆ ಸ್ಕ್ರೀನ್‌ಶಾಟ್ ಶಾಲೆಯ ಫೈಲಿಗೆ ಸೇರುತ್ತದೆ.

7. ವಕೀಲರ ಮೊದಲ ಭೇಟಿಯನ್ನು ಇಂಟರ್‌ವ್ಯೂ ಎಂದುಕೊಳ್ಳಿ.

ಇಂಟರ್‌ವ್ಯೂ ಮಾಡುವವರು ನೀವು. ಒಂದು ಪುಟದ ಟಿಪ್ಪಣಿ ಕೊಡಿ: ಮಗುವಿನ ವಯಸ್ಸು, ತರಗತಿ, ತಾರೀಕಿನ ಕ್ರಮದಲ್ಲಿ ಘಟನೆಗಳು, ನಿಮಗೆ ಬೇಕಾದ್ದು ಏನು. ನಿಮ್ಮ ಮದುವೆಯಿಂದ ಕಥೆ ಶುರು ಮಾಡಬೇಡಿ. ಆಮೇಲೆ ಕೇಳಿ: ವಿಕಲಚೇತನರ ರಾಜ್ಯ ಆಯುಕ್ತರ ಮುಂದೆ ಹೋಗಿದ್ದೀರಾ? ಮೊದಲ ಹೆಜ್ಜೆ ಏನು ಇಡುತ್ತೀರಿ? ಪತ್ರ ಬರೆಯಲು ಎಷ್ಟು, ಮೀಟಿಂಗಿಗೆ ಬರಲು ಎಷ್ಟು, ಕೇಸಿಗೆ ಎಷ್ಟು? ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ‘ಕೇಸ್ ಜಡಿಯೋಣ’ ಎಂದವರಿಂದ ದೂರವಿರಿ ಎನ್ನುವುದು ನನ್ನ ಸಲಹೆ. ನಾಳೆ ಬೆಳಗ್ಗೆ ನಿಮ್ಮ ಮಗು ಅದೇ ಕ್ಲಾಸಿನಲ್ಲಿ ಕೂರಬೇಕು. ಒಳ್ಳೆಯ ವಕೀಲರು ಅದನ್ನು ಮೊದಲು ಯೋಚಿಸುತ್ತಾರೆ.

8. ಬೇಡಿಕೆ ಅಳತೆಗೆ ಸಿಗುವಂತಿರಲಿ.

‘ಸ್ವಲ್ಪ ಚೆನ್ನಾಗಿ ನೋಡಿಕೊಳ್ಳಿ’ ಎಂದು ಕೇಳಿದರೆ ‘ಖಂಡಿತ’ ಎಂಬ ಉತ್ತರ ಬರುತ್ತದೆ, ಮತ್ತೇನೂ ಬರುವುದಿಲ್ಲ. ಹೀಗೆ ಬರೆಯಿರಿ: ಕಿಟಕಿ, ಕಾರಿಡಾರಿನಿಂದ ದೂರದ ಖಾಯಂ ಸೀಟು. ಮೇಜಿನ ಮೇಲೆ ಚಿತ್ರಗಳ ಟೈಮ್‌ಟೇಬಲ್. ಅಸೆಂಬ್ಲಿಯಲ್ಲಿ, ವಾರ್ಷಿಕೋತ್ಸವದ ತಾಲೀಮಿನಲ್ಲಿ ಹೆಡ್‌ಫೋನ್ ಹಾಕಲು ಅನುಮತಿ. ಗದ್ದಲ ಹೆಚ್ಚಾದಾಗ ಕಾರ್ಡ್ ತೋರಿಸಿ ಹೊರಗೆ ಹೋಗಿ ಬರುವ ಅವಕಾಶ, ಹೋಗುವ ಜಾಗದ ಹೆಸರು ಸಮೇತ. ಪಿಟಿ ಪೀರಿಯಡ್ ರದ್ದಾದರೆ ಮೊದಲೇ ತಿಳಿಸುವುದು. ಹೋಮ್‌ವರ್ಕ್ ಬೋರ್ಡಿನ ಫೋಟೋ. ಇದೆಲ್ಲ ಐಇಪಿಯಲ್ಲಿ, ಅಂದರೆ ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ, ಯಾರು ಮಾಡಬೇಕು, ಎಂದು ಪರಿಶೀಲನೆ ಎಂಬ ಎರಡು ಕಾಲಂ ಜೊತೆ ಬರಲಿ. ಇದರಲ್ಲಿ ಅರ್ಧಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ, ‘ಬಜೆಟ್ ಇಲ್ಲ’ ಎಂಬ ನೆಪ ಅಲ್ಲಿಗೆ ಮುಗಿಯಿತು.

ಖರ್ಚಿನ ಪ್ರಶ್ನೆ ನಿಜವಾಗಿ ಬರುವುದು ಮಗುವಿನ ಜೊತೆಗೇ ಕೂರುವ ಶ್ಯಾಡೋ ಟೀಚರ್ ವಿಷಯಕ್ಕೆ. ‘ನೀವೇ ಇಟ್ಟುಕೊಳ್ಳಿ, ಸಂಬಳ ನೀವೇ ಕೊಡಿ’ ಎಂದರೆ ತಕ್ಷಣ ಹೂಂ ಅನ್ನಬೇಡಿ. ಶಾಲೆಯಲ್ಲಿ ಸ್ಪೆಷಲ್ ಎಜುಕೇಟರ್ ಇದ್ದಾರಾ ಎಂದು ಬರಹದಲ್ಲಿ ಕೇಳಿ. 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಶೇಷ ಶಿಕ್ಷಕರ ಅನುಪಾತವನ್ನು ನಿಗದಿ ಮಾಡಲು ಕೇಂದ್ರ ಸರ್ಕಾರಕ್ಕೆ ಹೇಳಿತು. 2022ರಲ್ಲಿ ಕೇಂದ್ರ ಗೊತ್ತುಮಾಡಿದ ಅನುಪಾತ ಹೀಗಿದೆ: ಪ್ರಾಥಮಿಕದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು. ಚೌಕಾಸಿ ಇಲ್ಲಿಂದ ಶುರುವಾಗಲಿ.

9. ಮೀಟಿಂಗಿನಲ್ಲಿ ಮಾತು ನಿಮ್ಮದು, ಡ್ರಾಫ್ಟ್ ವಕೀಲರದು.

ವಕೀಲರನ್ನು ಕರೆದುಕೊಂಡು ದಿಢೀರ್ ಎಂದು ನುಗ್ಗಬೇಡಿ. ಮೊದಲ ಪತ್ರವನ್ನು ಅವರಿಂದ ಬರೆಸಿ, ನಿಮ್ಮ ಹೆಸರಿನಲ್ಲಿ ಕಳಿಸಿ. ಉತ್ತರ ಬಾರದಿದ್ದರೆ ಎರಡನೆಯದು ಅವರ ಲೆಟರ್‌ಹೆಡ್‌ನಲ್ಲಿ ಹೋಗಲಿ. ಮೂರನೇ ಹಂತದಲ್ಲಿ ಅವರೇ ಬರುವುದಾದರೆ ಶಾಲೆಗೆ ಮೊದಲೇ ತಿಳಿಸಿ. ಗಂಡ ಹೆಂಡತಿ ಇಬ್ಬರೂ ಹೋಗಿ: ಒಬ್ಬರು ಮಾತಾಡಿ, ಒಬ್ಬರು ಬರೆದುಕೊಳ್ಳಿ. ಒಪ್ಪಿದ್ದನ್ನೆಲ್ಲ ಸಂಜೆಯೊಳಗೆ ಮೇಲ್ ಮಾಡಿ.

10. ಮುಂದಿನ ಮೆಟ್ಟಿಲು ಯಾವುದು, ತಾರೀಕು ಸಮೇತ ಗೊತ್ತಿರಲಿ.

ಹೆಡ್‌ಮಾಸ್ಟರ್, ಆಡಳಿತ ಮಂಡಳಿ, ನಂತರ ಬಿಇಒ, ಡಿಡಿಪಿಐ. ಸಿಬಿಎಸ್‌ಇ ಶಾಲೆಯಾದರೆ ಬೋರ್ಡಿಗೂ ಒಂದು ಪ್ರತಿ. ಪ್ರತಿ ಮೆಟ್ಟಿಲಿಗೂ ಗಡುವು ಹಾಕಿ, ಗಡುವು ದಾಟಿದ ಮರುದಿನವೇ ಮೇಲಕ್ಕೆ ಹತ್ತಿ. ‘ಇನ್ನೊಂದು ತಿಂಗಳು ನೋಡೋಣ’ ಎನ್ನುವಷ್ಟರಲ್ಲಿ ಶೈಕ್ಷಣಿಕ ವರ್ಷವೇ ಮುಗಿದಿರುತ್ತದೆ.

ಎಲ್ಲಕ್ಕಿಂತ ಕಡಿಮೆ ಬಳಕೆಯಾಗುವ, ಎಲ್ಲಕ್ಕಿಂತ ಉಪಯುಕ್ತ ಮೆಟ್ಟಿಲು ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿ. ವಕೀಲರಿಲ್ಲದೆಯೂ ಅಲ್ಲಿ ದೂರು ಕೊಡಬಹುದು. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಆಯುಕ್ತರಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ. ಅವರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಪ್ರಾಧಿಕಾರ ಏನು ಕ್ರಮ ಕೈಗೊಂಡಿತೆಂದು ಮೂರು ತಿಂಗಳೊಳಗೆ ತಿಳಿಸಬೇಕು. ಆರ್‌ಪಿಡಬ್ಲ್ಯುಡಿ ಕಾಯ್ದೆ ಉಲ್ಲಂಘನೆಗೆ ಮೊದಲ ಬಾರಿ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡ ಸೆಕ್ಷನ್ 89ರಲ್ಲಿದೆ. ಹೊಡೆತ, ಅವಮಾನದ ವಿಷಯವಾದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಬರೆಯಿರಿ. ಹೈಕೋರ್ಟಿನ ರಿಟ್ ಕೊನೆಯ ಮೆಟ್ಟಿಲು. ಉತ್ತರ ಕರ್ನಾಟಕದವರಿಗೆ ಧಾರವಾಡ, ಕಲಬುರಗಿ ಪೀಠಗಳಿವೆ, ಎಲ್ಲದಕ್ಕೂ ಬೆಂಗಳೂರಿನ ಬಸ್ಸು ಹತ್ತಬೇಕಿಲ್ಲ.

ಹತ್ತನೇ ಕ್ಲಾಸಿನ ಪೋಷಕರಿಗೆ ಇನ್ನೊಂದು ಮಾತು. ಹೆಚ್ಚುವರಿ ಸಮಯ, ಬರಹಗಾರರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಎಲ್ಲವೂ ಆರ್‌ಪಿಡಬ್ಲ್ಯುಡಿ ಸೆಕ್ಷನ್ 17ರಲ್ಲೇ ಇವೆ. ಸಿಬಿಎಸ್‌ಇಯಲ್ಲಿ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚು ಸಿಗುತ್ತದೆ. ಆದರೆ ಅರ್ಜಿ ಶಾಲೆಯ ಮೂಲಕವೇ ಹೋಗಬೇಕು. ಜೂನ್‌ನಲ್ಲೇ ಕೇಳಿ. ಹಾಲ್ ಟಿಕೆಟ್ ಬಂದ ಮೇಲೆ ವಕೀಲರನ್ನು ಎಬ್ಬಿಸಿದರೆ ಅವರಾದರೂ ಏನು ಮಾಡಿಯಾರು?

11. ಗೆದ್ದ ಮರುದಿನ ಕ್ಲಾಸ್ ಟೀಚರ್ ಹತ್ತಿರ ಹೋಗಿ, ವಕೀಲರನ್ನು ಬಿಟ್ಟು.

ಆದೇಶ ಬಂದಿರುವುದು ಆಡಳಿತ ಮಂಡಳಿಗೆ, ಪಾಲಿಸಬೇಕಾದವರು 45 ಮಕ್ಕಳ ಮುಂದೆ ಒಬ್ಬರೇ ನಿಂತಿರುವ ಟೀಚರ್. ‘ಕೇಸ್ ಹಾಕಿದವರ ಮಗು’ ಎಂದು ಸ್ಟಾಫ್ ರೂಮಿನಲ್ಲಿ ಮಾತಾಗಿರುತ್ತದೆ. ನೀವೇ ಹೋಗಿ. ಒಂದು ಪುಟ ಕೊಡಿ: ಮಗುವಿಗೆ ಏನು ಇಷ್ಟ, ಯಾವುದಕ್ಕೆ ಗಾಬರಿ, ಗಾಬರಿಯಾದಾಗ ಏನು ಮಾಡಿದರೆ ಸಮಾಧಾನ. ಅದನ್ನು ಬರೆಯುವಾಗ ಮಗುವನ್ನೂ ಕೇಳಿ. ಮಾತಿನಲ್ಲಿ ಹೇಳದಿದ್ದರೆ ಚಿತ್ರ ತೋರಿಸಿ ಆರಿಸಲು ಬಿಡಿ. ಟೀಚರ್‌ಗೆ ಏನು ಕಷ್ಟವಾಗುತ್ತಿದೆ ಎಂದೂ ವಿಚಾರಿಸಿ. ಅವರಿಗೆ ತರಬೇತಿ ಬೇಕಾಗಿದ್ದರೆ ಅದನ್ನು ನಿಮ್ಮ ಮುಂದಿನ ಪತ್ರದ ಮೊದಲ ಬೇಡಿಕೆ ಮಾಡಿ. ಐಇಪಿಯ ಮುಂದಿನ ಪರಿಶೀಲನೆಯ ತಾರೀಕನ್ನು ಅವರ ಡೈರಿಯಲ್ಲೂ ನಿಮ್ಮ ಫೋನಿನಲ್ಲೂ ಗುರುತು ಹಾಕಿಸಿಕೊಂಡು ಆಮೇಲೆ ಹೊರಡಿ.