ಕರಪತ್ರ ಓದೋಣ

ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಯಾರೋ ಒಂದು ಹಾಳೆ ಕೊಡುತ್ತಾರೆ. ಅದೇ ಕರಪತ್ರ. ಓದು ಬಾರದಾಗ ಅದು ಕಡಲೆಕಾಯಿ ಕಟ್ಟೋ ಕಾಗದ. ಈಗ ನಮಗೆ ಓದು ಬಂದಿದೆ. ಓದೋಣ.

ಕೆಲವು ಕರಪತ್ರಗಳಲ್ಲಿ ಪರದೇಶದ ಒಪ್ಪಂದದ ಮಾತು ಇರುತ್ತದೆ. "ಅದೆಲ್ಲಾ ನಮಗ್ಯಾಕೆ?" ಅಂತೀರಾ? ಈ ಕತೆ ಕೇಳಿ.

1980ರಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಮೊದಲಾದವರು ಅದನ್ನು ಕಟ್ಟಿದರು. ಶಿವಮೊಗ್ಗ, ಭದ್ರಾವತಿ ಕಡೆಯ ರೈತರು ಅದರಲ್ಲಿ ಮುಂದಿದ್ದರು.

1991ರ ಕೊನೆಯಲ್ಲಿ ಆರ್ಥರ್ ಡಂಕೆಲ್ ಎಂಬ ಅಧಿಕಾರಿ ಒಂದು ಕರಡು ಒಪ್ಪಂದ ಮುಂದಿಟ್ಟರು. ದೇಶ ದೇಶಗಳ ವ್ಯಾಪಾರ ಹೇಗಿರಬೇಕು ಎಂದು ಅದರಲ್ಲಿತ್ತು. ಹೊಸ ತಳಿ ಮಾಡಿದವರಿಗೆ ಅದರ ಮೇಲೆ ಹಕ್ಕು ಕೊಡಬೇಕು ಎಂದೂ ಇತ್ತು. ವ್ಯಾಪಾರ ಬೆಳೆಯುತ್ತದೆ ಎಂದು ಸರ್ಕಾರ ಹೇಳಿತು. ರೈತ ಸಂಘ ಒಪ್ಪಲಿಲ್ಲ. "ಬೀಜ ನಮ್ಮ ಕೈ ತಪ್ಪುತ್ತದೆ" ಎಂದು ಸಾರಿತು. 1993ರ ಅಕ್ಟೋಬರ್ 2ರಂದು ಬೆಂಗಳೂರಿನಲ್ಲಿ ಬೀಜ ಸತ್ಯಾಗ್ರಹ ನಡೆಯಿತು.

ಬೂದಿ ಬೆರೆಸಿ ಮಡಕೆಯಲ್ಲಿ ಬೀಜ ಕಾಯೋರು ಯಾರು? ನಾವೇ ಅಲ್ಲವೇ? ಅಂದ ಮೇಲೆ ಆ ಮಾತು ನಮ್ಮ ಮನೆಯದೇ.

1994ರಲ್ಲಿ ಭಾರತ ಒಪ್ಪಂದಕ್ಕೆ ಸಹಿ ಹಾಕಿತು. ಆದರೆ ಕೂಗು ವ್ಯರ್ಥವಾಗಲಿಲ್ಲ. 2001ರಲ್ಲಿ ನಮ್ಮ ದೇಶ ಒಂದು ಕಾನೂನು ಮಾಡಿತು. ರೈತರು ತಮ್ಮ ಬೆಳೆಯ ಬೀಜ ಉಳಿಸಬಹುದು, ಬಿತ್ತಬಹುದು, ಬದಲಾಯಿಸಬಹುದು, ಮಾರಬಹುದು. ಹಕ್ಕಿರುವ ತಳಿಯನ್ನು ಕಂಪನಿಯ ಹೆಸರು ಹಾಕಿದ ಚೀಲದಲ್ಲಿ ಮಾತ್ರ ಮಾರುವಂತಿಲ್ಲ.

ಸರ್ಕಾರದ ತಪ್ಪು ಹೇಳುವುದು ಅಪರಾಧವಲ್ಲ. ಮಾತಾಡುವ ಹಕ್ಕನ್ನು ಸಂವಿಧಾನ ಕೊಟ್ಟಿದೆ. ಆದರೆ ಅಚ್ಚಾದದ್ದೆಲ್ಲ ನಿಜವಲ್ಲ. ಕರಪತ್ರ ಕೈಗೆ ಬಂದಾಗ ಹೀಗೆ ಮಾಡಿ:

1. ಕೆಳಗಿನ ಸಣ್ಣ ಅಕ್ಷರ ಓದಿ. ಯಾರು ಅಚ್ಚು ಹಾಕಿಸಿದ್ದು? ಚುನಾವಣೆಯ ಕರಪತ್ರದಲ್ಲಿ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು.
2. ಏನು ಹೇಳಿದ್ದಾರೆ? ಅದಕ್ಕೆ ಆಧಾರ ಕೊಟ್ಟಿದ್ದಾರಾ?
3. ಎದುರಿನವರು ಏನಂತಾರೆ? ಅದನ್ನೂ ಕೇಳಿ.
4. ಜಾತಿ, ಧರ್ಮದ ಮೇಲೆ ದ್ವೇಷ ಹುಟ್ಟಿಸುತ್ತದೆಯೇ? ಹಾಗಿದ್ದರೆ ಇನ್ನೊಬ್ಬರಿಗೆ ದಾಟಿಸಬೇಡಿ.

ಒಬ್ಬರು ಓದಿ, ನಾಲ್ಕು ಜನ ಚರ್ಚೆ ಮಾಡಿ. ಆಮೇಲೆ ನಿಮ್ಮ ತೀರ್ಮಾನ ನಿಮ್ಮದು.

ಉತ್ತರ ಹೇಳಿ:
* ರೈತ ಸಂಘ ಒಪ್ಪಂದವನ್ನು ಏಕೆ ವಿರೋಧಿಸಿತು?
* 2001ರ ಕಾನೂನು ರೈತರಿಗೆ ಏನು ಕೊಟ್ಟಿತು?
* ನಿಮ್ಮ ಊರಿನ ಒಂದು ಸಮಸ್ಯೆಯ ಬಗ್ಗೆ ಐದು ಸಾಲಿನ ಕರಪತ್ರ ಬರೆಯಿರಿ.