ಟೋಕನ್‌ಗೂ ಮುಂಚೆ

ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದಂಥ ಹಳೆಯ ಬಡಾವಣೆಗಳಲ್ಲಿ ಮನೆ ಮಾರಾಟಕ್ಕಿದೆ ಎನ್ನುವ ಸುದ್ದಿ ಬೀದಿಗೆ ಬರುವ ಹೊತ್ತಿಗೆ ಅರ್ಧ ವ್ಯಾಪಾರ ಮುಗಿದಿರುತ್ತದೆ. 2025ರಲ್ಲಿ ನಾವು ಮನೆ ಹುಡುಕುವಾಗ, ಒಳಗೆ ಕೋಣೆ ನೋಡುತ್ತಿದ್ದಂತೆಯೇ ಬಾಗಿಲಲ್ಲಿ ಇನ್ನೊಂದು ಕುಟುಂಬ ಚಪ್ಪಲಿ ಬಿಡುತ್ತಿತ್ತು. “ಮೇಡಂ, ಸಂಜೆಯೊಳಗೆ ಟೋಕನ್ ಕೊಟ್ಬಿಡಿ, ನಾಳೆ ಬಂದು ನನ್ನ ಕೇಳ್ಬೇಡಿ” ಎನ್ನುತ್ತಿದ್ದರು ಬ್ರೋಕರ್. ಪತ್ರಗಳ ಜೆರಾಕ್ಸ್ ಮಾತ್ರ ಯಾವಾಗಲೂ “ಆಮೇಲೆ”.

ಪೈಪೋಟಿಯಲ್ಲಿ ಬೆಲೆ ಏರಿಸುವುದು ಬಾಯಿಮಾತಿಗೆ ಸುಲಭ. 75 ಲಕ್ಷ ಮೀರಿದ ಗೃಹಸಾಲವಾದರೆ, ರಿಸರ್ವ್ ಬ್ಯಾಂಕಿನ ನಿಯಮದಂತೆ ಮನೆಯ ಮೌಲ್ಯದ ಶೇ 75ಕ್ಕಿಂತ ಹೆಚ್ಚು ಸಿಗುವುದಿಲ್ಲ. 1.2 ಕೋಟಿಯ ಮನೆಗೆ 90 ಲಕ್ಷ. ಉಳಿದ 30 ಲಕ್ಷದ ಜೊತೆಗೆ, ಮನೆಯ ಪೂರ್ತಿ ಬೆಲೆಯ ಮೇಲೆ, ಆಗಿನ ಲೆಕ್ಕದಲ್ಲಿ, ಸೆಸ್ ಮತ್ತು ಸರ್‌ಚಾರ್ಜ್ ಸೇರಿದ ಮುದ್ರಾಂಕ ಶುಲ್ಕ ಶೇ 5.6, ನೋಂದಣಿ ಶುಲ್ಕ ಶೇ 1. ಈ ಎರಡು ಶುಲ್ಕವೇ ಸುಮಾರು 8 ಲಕ್ಷ. ಇನ್ನೊಬ್ಬರನ್ನು ಮೀರಿಸಲು 5 ಲಕ್ಷ ಹೆಚ್ಚು ಕೂಗಿದೆವೆಂದುಕೊಳ್ಳಿ. ಬ್ಯಾಂಕಿನ ಮೌಲ್ಯಮಾಪಕರು ಅದನ್ನು ಒಪ್ಪದಿದ್ದರೆ ಅಷ್ಟೂ ನಮ್ಮ ಉಳಿತಾಯದಿಂದಲೇ ಹೋಗಬೇಕು. ಹಾಗಾಗಿ ಮನೆ ನೋಡುವ ಮೊದಲೇ ಬ್ಯಾಂಕಿಗೆ ಹೋಗಿ ಸಾಲದ ಮಂಜೂರಾತಿ ಪತ್ರ ಮಾಡಿಸಿಟ್ಟುಕೊಂಡೆವು, ವಕೀಲರನ್ನೂ ಗೊತ್ತು ಮಾಡಿಕೊಂಡೆವು. ಅವಸರ ಮಾಡಬೇಕಾದದ್ದು ಈ ಕೆಲಸಗಳಲ್ಲಿ.

“ಒಂದಷ್ಟು ಕ್ಯಾಶ್‌ನಲ್ಲಿ” ಎಂದವರ ಮನೆಗಳನ್ನು ಬಿಟ್ಟೆವು. ಪತ್ರದಲ್ಲಿಲ್ಲದ ಹಣಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಸ್ಥಿರಾಸ್ತಿ ಮಾರಾಟದ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ.

ಕೊನೆಗೆ ಮನಸ್ಸಿಗೆ ಹಿಡಿಸಿದ ಮನೆಯ ಯಜಮಾನರು ತೀರಿಕೊಂಡಿದ್ದರು. ಅವರದೇ ಸಂಪಾದನೆಯ ಮನೆ, ಉಯಿಲು ಇರಲಿಲ್ಲ. ಖಾತಾ ಅವರ ಪತ್ನಿಯ ಹೆಸರಿಗೆ ಬಂದಿತ್ತು, ಋಣಭಾರ ಪತ್ರವೂ ಚೊಕ್ಕವಾಗಿತ್ತು. ನಮ್ಮ ವಕೀಲರು ವಂಶವೃಕ್ಷ ಕೇಳಿದಾಗ ಅಮೆರಿಕದಲ್ಲಿರುವ ಮಗಳ ಹೆಸರು ಹೊರಬಂತು. “ಅಕ್ಕಂಗೆ ಮದುವೇಲೇ ಎಲ್ಲಾ ಕೊಟ್ಟಿದ್ದೀವಿ, ಅವಳ ಸೈನ್ ಯಾಕೆ?” ಎಂದರು ಮಗ. ಆದರೆ ಉಯಿಲಿಲ್ಲದೆ ಹೋದ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಮಗ, ಮಗಳಿಗೆ ಸಮಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳುತ್ತದೆ. ಖಾತಾ ತೆರಿಗೆ ಕಟ್ಟುವ ದಾಖಲೆ, ಒಡೆತನದ ಪತ್ರವಲ್ಲ. ಋಣಭಾರ ಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಮನೆಯಲ್ಲಿ ಮಗಳೊಬ್ಬಳಿದ್ದಾಳೆ ಎಂಬುದು ಅದರಲ್ಲಿ ಬರುವುದಿಲ್ಲ.

ನಮಗಿಂತ ಹೆಚ್ಚು ಕೊಡುವವರು ಇದ್ದರು. ಆದರೆ ಅವರಿಗೆ ಮನೆ ತಕ್ಷಣ ಖಾಲಿಯಾಗಬೇಕಿತ್ತು. ಆ ತಾಯಿಗೆ ಇದ್ದ ಚಿಂತೆ ಬೇರೆ: ಬಾಡಿಗೆ ಮನೆ ಸಿಗುವ ತನಕ ಸಾಮಾನು ಎಲ್ಲಿಡುವುದು, ಒಪ್ಪಿದವರು ಸಾಲ ಸಿಗಲಿಲ್ಲವೆಂದು ಅರ್ಧದಲ್ಲಿ ಕೈಬಿಟ್ಟರೆ ಏನು ಮಾಡುವುದು? ಮಂಜೂರಾತಿ ಪತ್ರವನ್ನು ಅವರ ಮುಂದಿಟ್ಟೆ. ಮನೆ ಬಿಡಲು ಬೇಕಾದಷ್ಟು ಕಾಲಾವಕಾಶ ಕೊಡುತ್ತೇವೆ ಎಂದೆ. ಮಗಳ ಸಹಿ ಬರದಿದ್ದರೆ ಮುಂಗಡ ಪೂರ್ತಿ ವಾಪಸ್ ಎಂಬ ಷರತ್ತು ಕರಾರಿನಲ್ಲಿರಲಿ ಎಂದೂ ಕೇಳಿದೆ. “ಆಯ್ತಮ್ಮ, ಹಂಗೇ ಬರೆಸಿ” ಎಂದರು. ಮಾರುವವರಿಗೂ ಭಯವಿರುತ್ತದೆ, ಅದು ಏನೆಂದು ಕೇಳಿ ತಿಳಿದುಕೊಂಡದ್ದು ನಮಗೆ ಹಣಕ್ಕಿಂತ ಹೆಚ್ಚು ನೆರವಾಯಿತು.

ಅಷ್ಟರಲ್ಲಿ ಆಷಾಢ ಬಂತು. ಆ ತಿಂಗಳು ನಮ್ಮ ಕಡೆ ಮನೆ ವ್ಯಾಪಾರಕ್ಕೆ ಕೈಹಾಕುವವರು ಕಡಿಮೆ, ಬ್ರೋಕರ್ ಫೋನುಗಳೂ ತಣ್ಣಗಾದವು. ಆ ಬಿಡುವಿನಲ್ಲೇ ಇ-ಖಾತಾ ಆಯಿತು, ಭಾರತೀಯ ಕಾನ್ಸುಲೇಟ್ ದೃಢೀಕರಿಸಿದ ಅಧಿಕಾರ ಪತ್ರವನ್ನು ಮಗಳು ಕಳಿಸಿಕೊಟ್ಟರು. ಹೊರದೇಶದಲ್ಲಿ ಬರೆದುಕೊಟ್ಟ ಅಂಥ ಪತ್ರಕ್ಕೆ, ಅದು ರಾಜ್ಯಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಶ್ರಾವಣದಲ್ಲಿ ನೋಂದಣಿಯಾಯಿತು. ಅದೇ ವರ್ಷದ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2ಕ್ಕೆ ಏರಿತು. ತಾಯಿ, ಮಗನ ಪಾಲಿಗೆ ಶೇ 1ರಷ್ಟು ಟಿಡಿಎಸ್ ಕಡಿತ ಮಾಡಿದರೆ ಸಾಕಿತ್ತು. ಅನಿವಾಸಿ ಮಗಳ ಪಾಲಿಗೆ ದರ ಇನ್ನೂ ಹೆಚ್ಚು, ಅದನ್ನು ಕಟ್ಟಲು ನಾವೇ ಟ್ಯಾನ್ ಸಂಖ್ಯೆ ಪಡೆಯಬೇಕಾಯಿತು. ಇದನ್ನು ಬ್ರೋಕರ್ ಹೇಳಿರಲಿಲ್ಲ, ಹೇಳಿದವರು ನಮ್ಮ ಲೆಕ್ಕಪರಿಶೋಧಕರು.