ಶ್ರದ್ಧೆಯೂ ಆಚರಣೆಯೂ

ರಾತ್ರಿಭೋಜನವು ತ್ಯಾಜ್ಯವೆಂಬುದನ್ನು ಒಪ್ಪದ ಜೈನ ಗೃಹಸ್ಥನು ವಿರಳ. ಆದರೆ ಒಪ್ಪಿದವರೆಲ್ಲರೂ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುತ್ತಾರೆಯೇ? ಮನಸ್ಸಿನ ಒಪ್ಪಿಗೆಗೂ ಕೈಯ ತುತ್ತಿಗೂ ನಡುವಣ ಈ ಅಂತರವೇ ಈ ಪಾಠದ ವಿಷಯ.

ದಾವಣಗೆರೆಯ ಪೇಟೆಯಲ್ಲಿ ಅಂಗಡಿಯಿಟ್ಟಿರುವ ಒಬ್ಬ ಶ್ರಾವಕನನ್ನು ಉದಾಹರಣೆಗೆ ಭಾವಿಸಬಹುದು. ಆತನು ಪ್ರಾತಃಕಾಲದ ಜಿನದರ್ಶನವನ್ನು ತಪ್ಪಿಸನು. ಆದರೆ ಸಂಜೆಯೇ ವ್ಯಾಪಾರದ ಹೊತ್ತು. ಬಾಗಿಲು ಹಾಕಿ ಮನೆ ಸೇರುವಾಗ ರಾತ್ರಿ ಒಂಬತ್ತು ಗಂಟೆ. ನಡುವೆ ಹಸಿವಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಸುಮಾರು 14 ಕಿ.ಮೀ. ದೂರದ ಹರಿಹರಕ್ಕೆ ವಸೂಲಿಗೆ ಹೋದ ದಿನ ಬೆಣ್ಣೆದೋಸೆ, ಜೊತೆಗೆ ಆಲೂಗಡ್ಡೆಯ ಪಲ್ಯ. ಕಂದಮೂಲವು ವರ್ಜ್ಯವೆಂದು ಆತನಿಗೆ ತಿಳಿಯದೆ ಇಲ್ಲ. ಆದರೆ ಮನೆಯ ಮಕ್ಕಳು ಕಲಿಯುವುದು ತಂದೆಯ ಮಾತಿನಿಂದಲ್ಲ, ಆತನ ಊಟದ ಹೊತ್ತಿನಿಂದ.

ಇವನನ್ನು ಕಪಟಿಯೆಂದು ಕರೆಯುವುದು ಆತುರದ ತೀರ್ಪು. 14 ಗುಣಸ್ಥಾನಗಳಲ್ಲಿ ನಾಲ್ಕನೆಯದು ಅವಿರತ ಸಮ್ಯಗ್ದೃಷ್ಟಿ: ಅಲ್ಲಿ ಶ್ರದ್ಧೆಯುಂಟು, ವಿರತಿಯಿಲ್ಲ, ಚಾರಿತ್ರಮೋಹನೀಯದ ಉದಯವು ಆಚರಣೆಯನ್ನು ತಡೆಯುತ್ತದೆ. ಐದನೆಯದಾದ ದೇಶವಿರತದಲ್ಲಿ ಅಣುವ್ರತಗಳು ನೆಲೆಗೊಳ್ಳುತ್ತವೆ. ಬಾಯಲ್ಲಿ ಒಪ್ಪಿದವನೆಲ್ಲ ಸಮ್ಯಗ್ದೃಷ್ಟಿಯೆಂದು ಇದರ ಅರ್ಥವಲ್ಲ. ಶ್ರದ್ಧೆಯೂ ವಿರತಿಯೂ ಬೇರೆ ಬೇರೆ ಮೆಟ್ಟಿಲುಗಳೆಂಬುದು ಮಾತ್ರ ಸ್ಪಷ್ಟ.

ಆಧುನಿಕ ಮನಶ್ಶಾಸ್ತ್ರವೂ ಈ ಅಂತರವನ್ನು ಪರೀಕ್ಷಿಸಿದೆ. 1937ರಲ್ಲಿ ಅಮೆರಿಕದ ಸ್ಟೀಫನ್ ಕೋರಿಯವರು 67 ವಿದ್ಯಾರ್ಥಿಗಳನ್ನು ಪರೀಕ್ಷೆಯಲ್ಲಿನ ವಂಚನೆಯ ಕುರಿತು ಅಭಿಪ್ರಾಯ ಕೇಳಿ, ಅನಂತರ ಅವರು ತಮ್ಮ ಉತ್ತರಗಳಿಗೆ ತಾವೇ ಅಂಕ ಹಾಕಿಕೊಂಡಾಗ ನಡೆದುಕೊಂಡ ರೀತಿಯನ್ನು ಅದರೊಡನೆ ಹೋಲಿಸಿದರು. ಎರಡಕ್ಕೂ ಸಂಬಂಧವು ಇಲ್ಲವೆನ್ನುವಷ್ಟು ಅಲ್ಪವಾಗಿತ್ತು. 1977ರಲ್ಲಿ ಐಜೆನ್ ಮತ್ತು ಫಿಶ್‌ಬೈನ್ ಎಂಬ ವಿದ್ವಾಂಸರು ಇಂತಹ ಅನೇಕ ಅಧ್ಯಯನಗಳನ್ನು ವಿಮರ್ಶಿಸಿ, ಕಾರ್ಯ, ವಸ್ತು, ಸಂದರ್ಭ, ಕಾಲ ಎಂಬ ನಾಲ್ಕರಲ್ಲಿಯೂ ಅಭಿಪ್ರಾಯವು ನಿರ್ದಿಷ್ಟವಾದಾಗ ನಡತೆಯು ಅದನ್ನು ಹೆಚ್ಚಾಗಿ ಅನುಸರಿಸುತ್ತದೆಂದು ತೋರಿಸಿದರು. ದ್ರವ್ಯ, ಕ್ಷೇತ್ರ, ಕಾಲ, ಭಾವಗಳನ್ನು ಎಣಿಸಿ ನಡೆಯುವ ಶ್ರಾವಕನಿಗೆ ಇದು ಅಪರಿಚಿತವಲ್ಲ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಗಳ ತ್ಯಾಗವನ್ನು ಎರಡು ವಿಧವಾಗಿ ಹೇಳಿದ್ದಾರೆ: ಕಾಲಮಿತಿಯುಳ್ಳದ್ದು ನಿಯಮ, ಜೀವಾವಧಿಯದು ಯಮ. ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಕಾಲವನ್ನು ಅಳೆದು ತ್ಯಜಿಸುವುದು ನಿಯಮ.

"ರಾತ್ರಿ ಉಣ್ಣಬಾರದು" ಎಂಬುದು ಕೇವಲ ಅಭಿಪ್ರಾಯ. "ಈ ಚಾತುರ್ಮಾಸದ ಅಷ್ಟಮಿ, ಚತುರ್ದಶಿಗಳಂದು ಐದೂವರೆಗೆ ಮನೆಯಿಂದ ಬುತ್ತಿ ತರಿಸಿ ಅಂಗಡಿಯಲ್ಲಿಯೇ ಉಣ್ಣುವುದು; ಮರುದಿನ ಸೂರ್ಯೋದಯದವರೆಗೆ ಆಹಾರವಿಲ್ಲ" ಎಂಬುದು ನಿಯಮ. ಆ ವರ್ತಕನಿಗೆ ಕೊರತೆಯಾಗಿದ್ದುದು ಶ್ರದ್ಧೆಯಲ್ಲ, ಗೊತ್ತುಮಾಡಿದ ಹೊತ್ತು ಮತ್ತು ಒಂದು ಬುತ್ತಿ.

ಶಕ್ತಿ ಮೀರಿದ ವ್ರತವನ್ನು ಹತ್ತು ಜನರೆದುರು ಹೊತ್ತು ಮರೆಯಲ್ಲಿ ಮುರಿಯುವುದು ಹೆಚ್ಚಿನ ಹಾನಿ. ಮಾಯಾ, ಮಿಥ್ಯಾ, ನಿದಾನವೆಂಬ ಮೂರು ಶಲ್ಯಗಳಿಲ್ಲದವನೇ ವ್ರತಿಯೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹೇಳುತ್ತದೆ. ಅಲ್ಪವಾದರೂ ನಿಶ್ಚಿತವಾದ ನಿಯಮವನ್ನು ಪಾಲಿಸಿದವನಿಗೆ ಮುಂದಿನ ಮೆಟ್ಟಿಲು ತಾನಾಗಿ ಕಾಣಿಸುವುದು.

ಅಭ್ಯಾಸಕ್ಕೆ: (1) ನಿಯಮಕ್ಕೂ ಯಮಕ್ಕೂ ಭೇದವೇನು? (2) ಮನೆಯವರೆಲ್ಲ ಒಪ್ಪಿಯೂ ಪಾಲಿಸದಿರುವ ಒಂದು ಆಚಾರವನ್ನು ಗುರುತಿಸಿ, ಅದಕ್ಕೆ ದ್ರವ್ಯ, ಕ್ಷೇತ್ರ, ಕಾಲಗಳ ಮಿತಿಯನ್ನು ಗೊತ್ತುಮಾಡಿರಿ.